ಶಾಲೆಯಲ್ಲಿ ಉಳಿದ ತಾಯಿ

"ಗುರುಗಳೇ, ಮಕ್ಕಳ ವಿವರ ಹೊರಗಿನವರಿಗೆ ಕೊಟ್ಟರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಒಂದು ಕಂಪನಿಯವರು ಅವನ ಶಾಲೆಗೆ ಬಂದಿದ್ದರು. ಪಾಠ ಕಲಿಸುವ ಟ್ಯಾಬ್ ಪುಕ್ಕಟೆ ಕೊಡುತ್ತೇವೆ ಎಂದಿದ್ದರು. ಕೊಡುವ ಮೊದಲು ಪ್ರತಿ ಮಗುವಿನ ಹೆಸರು, ಜಾತಿ, ಕಾಯಿಲೆ, ಮನೆಯ ಸ್ಥಿತಿ, ಫೋನ್ ನಂಬರ್ ಎಲ್ಲ ಬೇಕು ಎಂದಿದ್ದರು.

"ಬಂದವರು ಒಳ್ಳೆಯವರೇ. ಮಕ್ಕಳಿಗೂ ಒಳ್ಳೆಯದಾಗುತ್ತದೆ. ವಿವರ ಹೇಗೂ ನನ್ನ ಬಳಿ ಇದೆ. ತೆಗೆದು ಕೊಡುವುದಷ್ಟೇ," ಎಂದ ಶಿಷ್ಯ.

"ಕೂತುಕೋ," ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಗಾರೆಯವನಿದ್ದ. ಅವನ ಹೆಂಡತಿ ತೀರಿಕೊಂಡಳು. ಅವಳಿದ್ದ ಊರಿನಲ್ಲಿ ಅವನಿಗೆ ಇರಲಾಗಲಿಲ್ಲ. ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಬಂದ. ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಲು ಹೋದ.

ಟೀಚರು ಮಗುವಿನ ಹೆಸರು ಬರೆದುಕೊಂಡರು. ತಂದೆಯ ಹೆಸರು ಬರೆದುಕೊಂಡರು. "ತಾಯಿ?" ಎಂದರು. ಅವನು ನೀರು ಕುಡಿದು ಬಾ ಎಂದು ಮಗಳನ್ನು ಹೊರಗೆ ಕಳಿಸಿದ. ಆಮೇಲೆ ಹೇಳಿದ. ಟೀಚರು ಬರೆದರು. ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಹೆಂಡತಿ ಹೋದ ಮೇಲೆ ಗಂಡಸಿಗೆ ತನಗೆ ಏನೇನು ಬರುವುದಿಲ್ಲ ಎಂಬುದು ಒಂದೊಂದಾಗಿ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಅವನೇ ಮಗಳಿಗೆ ಜಡೆ ಹಾಕುತ್ತಿದ್ದ. ಗೋಡೆ ಕಟ್ಟುವ ಕೈ. ಒಂದು ಜಡೆ ಮೇಲೆ ಬರುತ್ತಿತ್ತು, ಒಂದು ಕೆಳಗೆ. ಮಗಳು ಕನ್ನಡಿ ನೋಡಿ ಸುಮ್ಮನೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಅಮ್ಮನ ಹೆಸರು ಎತ್ತುತ್ತಿರಲಿಲ್ಲ. ಮರೆಯುತ್ತಿದ್ದಾಳೆ, ಮರೆಯಲಿ ಎಂದು ಅವನು ಅಂದುಕೊಂಡ.

ಒಬ್ಬ ವ್ಯಾಪಾರಿ ಆ ಶಾಲೆಗೆ ಬಂದ. ತನ್ನ ತಾಯಿಯ ಹೆಸರಿನಲ್ಲಿ, ತಾಯಿ ಇಲ್ಲದ ಮಕ್ಕಳಿಗೆ ಬ್ಯಾಗು, ಶೂ ಕೊಡಬೇಕು ಎಂದಿದ್ದ. ಮನಸ್ಸು ಒಳ್ಳೆಯದೇ. ಅಂಥ ಮಕ್ಕಳ ಹೆಸರು ಕೊಡಿ, ಸಾಲಾಗಿ ನಿಲ್ಲಿಸಿ, ಫೋಟೋ ತೆಗೆಸಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸುತ್ತೇನೆ ಎಂದ.

"ಹೆಸರು ನನ್ನ ಹತ್ತಿರ ಇದೆ ಸಾಹುಕಾರ್ರೇ. ಆದರೆ ಅದು ನಂದಲ್ಲ," ಎಂದರು ಟೀಚರು. "ಶೂ ನನ್ನ ಕೈಗೆ ಕೊಡಿ. ಸೇರಬೇಕಾದವರಿಗೆ ಸೇರಿಸ್ತೀನಿ."

"ಫೋಟೋ ಇಲ್ಲದೆ ಕೊಟ್ಟರೆ, ಕೊಟ್ಟೆ ಅಂತ ಯಾರು ನಂಬ್ತಾರಮ್ಮ?" ಎಂದ ವ್ಯಾಪಾರಿ. ಬ್ಯಾಗು, ಶೂ ಗಾಡಿಯಲ್ಲೇ ಇದ್ದವು. ಬೇರೆ ಶಾಲೆಗೆ ಹೋದ.

ಊರೆಲ್ಲ ಟೀಚರನ್ನು ಬೈಯಿತು. ಗಾರೆಯವನ ಜೊತೆ ಕೆಲಸ ಮಾಡುವವನು ಗೋಡೆಗೆ ಕಟ್ಟಿದ ಸಾರುವೆ ಮೇಲೆ ನಿಂತು, "ನಿನ್ನ ಮಗಳ ಶೂ ನಿಮ್ಮ ಟೀಚರು ನುಂಗಿ ನೀರು ಕುಡಿದ್ಲು ಕಣೋ," ಎಂದು ನಕ್ಕ. ಮಗಳ ಶೂ ಮುಂದೆ ಬಾಯಿ ಬಿಟ್ಟಿದ್ದನ್ನು ಆ ಬೆಳಿಗ್ಗೆಯೇ ಗಾರೆಯವನು ನೋಡಿದ್ದ. ಗಾರೆ ಮೆತ್ತುವ ಕರಣೆ ಅಲ್ಲೇ ಎಸೆದು ಶಾಲೆಗೆ ಬಂದ.

"ಹೆಂಡತಿ ಸತ್ತದ್ದು ಕಳ್ಳತನವೇನ್ರೀ ಮುಚ್ಚಿಡೋಕೆ? ಹೇಳಿದವನು ನಾನು. ನೀವ್ಯಾರು ಬೇಡ ಅನ್ನೋಕೆ?" ಎಂದ.

ಟೀಚರು ಸಿಟ್ಟಾಗಲಿಲ್ಲ. "ನೀವು ಹೇಳಿದ್ರಿ. ಮಗು ಹೇಳಿಲ್ಲ. ಹೋಗಿ ಅವಳನ್ನ ಕೇಳಿ. ಅವಳು ಹೂಂ ಅಂದ್ರೆ ಈಗಲೇ ಸಾಹುಕಾರ್ರಿಗೆ ಫೋನ್ ಮಾಡ್ತೀನಿ," ಎಂದರು.

ಊಟದ ಹೊತ್ತು. ಹುಡುಗಿಯರು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಗಾರೆಯವನು ಗೋಡೆಯ ಈಚೆಗೆ ಬರುವಷ್ಟರಲ್ಲಿ ಮಾತು ಕೇಳಿಸಿತು.

"ಏನೇ ಇದು ನಿನ್ನ ಜಡೆ? ನಿಮ್ಮಮ್ಮ ಕತ್ತಲಲ್ಲಿ ಹೆಣೀತಾಳೇನೇ?"

"ಹೂಂ ಕಣೇ. ನಮ್ಮಮ್ಮ ಬೆಳಕು ಹರಿಯೋ ಮುಂಚೇನೇ ಏಳ್ತಾಳೆ. ನಿಮ್ಮಮ್ಮನ ಥರ ಸೋಂಬೇರಿ ಅಲ್ಲ."

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಮಗಳ ನಗು ಅವನು ಕೇಳಿ ಬಹಳ ದಿನವಾಗಿತ್ತು.

ಗಾರೆಯವನು ಗೋಡೆಗೆ ಕೈ ಊರಿ ನಿಂತ. ಕೇಳಬೇಕೆಂದು ಬಂದದ್ದನ್ನು ಕೇಳಲಿಲ್ಲ. ಬಂದ ದಾರಿಯಲ್ಲೇ ಹೋದ. ಸಂಜೆ ಮಗಳ ಶೂ ಒಯ್ದು ಹೊಲಿಸಿಕೊಂಡು ಬಂದ.

ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಬೇರೆ ಶಾಲೆಯ ಮಕ್ಕಳ ಮುಖ, ಮುಖದ ಕೆಳಗೆ ಹೆಸರು, ಎಲ್ಲಕ್ಕೂ ಮೇಲೆ ದೊಡ್ಡ ಅಕ್ಷರದಲ್ಲಿ 'ತಾಯಿ ಇಲ್ಲದ ಮಕ್ಕಳು'. ಗಾರೆಯವನು ಕೆಲಸಕ್ಕೆ ಹೋಗುವುದು ಅದರ ಕೆಳಗೇ. ತಲೆ ಎತ್ತುತ್ತಿರಲಿಲ್ಲ.

ಮಳೆಗಾಲ ಹೋಯಿತು. ಚಳಿ ಬಂತು. ಒಂದು ದಿನ ಊಟಕ್ಕೆ ಕೂತಾಗ ಮಗಳು ಪಕ್ಕದ ಗೆಳತಿಗೆ, "ನಮ್ಮಮ್ಮ ತೀರಿಕೊಂಡಿದ್ದಾಳೆ," ಎಂದಳು.

"ಯಾವಾಗ?" ಎಂದಳು ಗೆಳತಿ.

"ಮುಂಚೇನೇ."

ಗೆಳತಿ ತನ್ನ ಮೊಟ್ಟೆಯಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಹಾಕಿದಳು.

ಮನೆಗೆ ಬಂದು ಮಗಳು, "ಅಪ್ಪಾ, ಇವತ್ತು ಶಾಲೇಲಿ ಹೇಳಿದೆ," ಎಂದಳು. ಅವನು ಅವಳನ್ನು ಹತ್ತಿರ ಕೂರಿಸಿಕೊಂಡ. ಆಮೇಲೆ ಇಬ್ಬರೂ ಅಮ್ಮನ ಮಾತು ಆಡಿದರು. ಅವಳು ಹೋದ ಮೇಲೆ ಆ ಮನೆಯಲ್ಲಿ ಅವಳ ಮಾತು ಬಂದದ್ದು ಅದೇ ಮೊದಲು.

ಭಾನುವಾರ ಗಾರೆಯವನು ಸಿಮೆಂಟು, ಮರಳು ತಂದು ಶಾಲೆಯ ಮುರಿದ ಮೆಟ್ಟಿಲು ಸರಿ ಮಾಡಿದ. ಟೀಚರು ಬಂದು ನೋಡಿ, ಯಾರು ಹೇಳಿದರು ಎಂದು ಕೇಳಿದರು. ಅವನು ಕೈ ತೊಳೆದುಕೊಂಡು ಕೈ ಮುಗಿದ.

"ಅವಳು ನನ್ನ ಮನೇಲಿ ತೀರಿಹೋದಳು ಟೀಚರೇ. ನಿಮ್ಮ ಶಾಲೇಲಿ ಇನ್ನೊಂದಿಷ್ಟು ದಿನ ಬದುಕಿದ್ದಳು. ಅಷ್ಟು ದಿನ ಅವಳನ್ನ ಇಟ್ಟುಕೊಂಡಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದ.

ಗುರು ಕತೆ ನಿಲ್ಲಿಸಿದರು.

"ನಿಜ ಗುರುಗಳೇ. ಆದರೆ ನನ್ನ ಶಾಲೆಯಲ್ಲಿ ಹಾಗೆ ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡ ಮಗು ಯಾವುದೂ ಇಲ್ಲ," ಎಂದ ಶಿಷ್ಯ.

"ಇದ್ದರೆ, ಅದು ನಿನಗೆ ಹೇಳುತ್ತಿತ್ತೇ?" ಎಂದರು ಗುರು.