ಕನ್ನಡಕಕ್ಕೆ ಹತ್ತಿದ ಜೇನಿನ ಗೀಳು

ವಕೀಲ ನಂಜುಂಡಯ್ಯನವರ ಕನ್ನಡಕ ಕಾನೂನಿನ ಪುಸ್ತಕ ಬಿಟ್ಟು ಬೇರೇನನ್ನೂ ಓದಿದ್ದಿಲ್ಲ. ಒಂದು ಮಧ್ಯಾಹ್ನ ಅವರು ಮೊಮ್ಮಗಳ ಜೇನುಹುಳದ ಪುಸ್ತಕ ಹಿಡಿದು, ಅರ್ಧಕ್ಕೇ ಬಿಟ್ಟು ಊಟಕ್ಕೆದ್ದರು. ಡಬ್ಬಿಯೊಳಗೆ ಬಿದ್ದ ಕನ್ನಡಕ ಹೊರಳಾಡತೊಡಗಿತು.

“ಏನಯ್ಯಾ ನಿನ್ನ ಗಲಾಟೆ?” ಎಂದು ಡಬ್ಬಿ ಗದರಿತು.

“ಹುಳಗಳಿಗೂ ಒಂದು ರಾಜ್ಯ, ಒಬ್ಬ ರಾಣಿ! ಎಂಥ ಸೊಗಸು ಅಂತೀಯ! ಅಷ್ಟರಲ್ಲಿ ರಾಣಿ ಸತ್ತುಹೋದಳು. ಗೂಡೆಲ್ಲ ಕಂಗಾಲು. ಮುಂದಿನ ಪುಟ ನೋಡುವವರೆಗೂ ನನಗೆ ನೆಮ್ಮದಿಯಿಲ್ಲ.”

“ನಾವು ಕೋರ್ಟಿನವರು. ಹುಳಗಳ ಉಸಾಬರಿ ನಮಗೇಕೆ? ತೆಪ್ಪಗೆ ಬಿದ್ದುಕೊ,” ಎಂದು ಡಬ್ಬಿ ಇನ್ನಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿತು.

ಆದರೆ ಈಗ ಡಬ್ಬಿಗೇ ಚಡಪಡಿಕೆ. ಬಹಳ ಹೊತ್ತು ತಡೆದುಕೊಂಡು, ಕೊನೆಗೆ ತಾನಾಗಿಯೇ ಮುಚ್ಚಳ ತೆರೆಯಿತು.

“ಅದಿರಲಿ, ಆ ರಾಣಿಗೆ ವಾರಸುದಾರರು ಯಾರು?”