ಕೆಂಗಲಗುಡ್ಡದ ವಾಡೆಯಲ್ಲಿ ಬಿಚ್ಚಿದ ಗಂಟು

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬದವರು ಈಗಲೇ ಎದ್ದು ಹೋಗಿ. ಅರ್ಧಕ್ಕೆ ಎದ್ದರೆ ನಾನು ಸುಮ್ಮನಿರುವವನಲ್ಲ. ಏಳೂರಿನ ಮನೆತನಗಳನ್ನು ಹದಿನಾಲ್ಕು ತಲೆಮಾರಿನವರೆಗೆ ತಡವರಿಸದೆ ಹೇಳಬಲ್ಲ ಹೆಳವರ ಯಮನೂರ ನಾನು. ಎತ್ತಿನ ಮೇಲೆ ಕೂತು ಮನೆಮನೆಗೆ ಹೋಗಿ, ಯಾರಿಗೆ ಯಾರು ಹುಟ್ಟಿದರೆಂದು ಹಾಡಿ, ಮೊರದ ತುಂಬ ಜೋಳ ಇಸಿದುಕೊಳ್ಳುವುದು ನಮ್ಮ ಕಸುಬು.

ಒಂದು ದಿನ ಕೆಂಗಲಗುಡ್ಡದಲ್ಲಿ ಡಂಗುರ ಹೊಡೆದರು.

"ಕೇಳ್ರಪ್ಪೋ ಕೇಳ್ರಿ. ಬರಮನಾಯಕ ದೊರೆಗಳ ಅಪ್ಪಣೆ. ಮೂರು ಒಗಟು ಒಡೆದವಗ ಕೇಳಿದ್ದು ಸಿಗತೈತಿ. ತಪ್ಪಿದವಗ ಹಗೇವು. ಅಮಾಸಿಗೆ ಅದರ ಬಾಯಿ ಮುಚ್ಚಿ ಮಣ್ಣು ಮೆತ್ತತಾರ."

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ. ಬಾಯಿ ಮುಚ್ಚಿದರೆ ಒಳಗಿದ್ದವನಿಗೆ ಉಸಿರಿಲ್ಲ.

ಬರಮನಾಯಕನ ಅನುಮಾನ ಎಂಥದೆಂದರೆ, ಅವನ ತಾಟಿಗೆ ಬಡಿಸಿದ್ದನ್ನು ಮೊದಲು ಬೆಕ್ಕು ತಿನ್ನಬೇಕು. ಬೆಕ್ಕು ಕಾಯಲು ಒಬ್ಬ ಆಳು, ಆ ಆಳನ್ನು ಕಾಯಲು ಇನ್ನೊಬ್ಬ. ಯಾರೋ ದಾಯಾದಿ ತನ್ನ ಗಾದಿಗೆ ಹೊಂಚು ಹಾಕಿದ್ದಾನೆಂಬ ಹುಳ ಅವನ ತಲೆ ಹೊಕ್ಕಿತ್ತು. ತೀರಿಹೋದ ಅಪ್ಪ ಒಂದು ಓಲೆಯಲ್ಲಿ ಮೂರು ಒಗಟು ಬರೆದಿಟ್ಟಿದ್ದ. ದಾಯಾದಿಯ ಗುಟ್ಟು ಅದರಲ್ಲೇ ಇದೆಯೆಂದು ಇವನ ಎಣಿಕೆ. ಉತ್ತರ ಬಲ್ಲವಳು ಅವನ ತಾಯಿ, ಮುದಿ ರಾಣಿ ನೀಲವ್ವ. ಗಂಡನ ಆಣೆ ಇದೆ, ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದಳು. ಯಾರಾದರೂ ಸರಿ ಹೇಳಿದರೆ ತಾನು ಕೂರುವ ಪರದೆಯ ಸಂದಿನಿಂದ ಒಂದು ವೀಳ್ಯದೆಲೆ ಹೊರಗಿಡುತ್ತೇನೆ ಎಂದಿದ್ದಳು, ಅಷ್ಟೇ.

ನನಗೂ ಅನುಮಾನ ಬಂತು. ಮೂವತ್ತು ವರ್ಷದಿಂದ ದೊರೆಯ ವಾಡೆಯ ಹೊಸ್ತಿಲು ಯಾವ ಹೆಳವನೂ ದಾಟಿರಲಿಲ್ಲ. ಹೆಳವನನ್ನು ಹೊರಗೆ ನಿಲ್ಲಿಸಿದ ಮನೆ ಯಾವುದೋ ಹೆಸರನ್ನು ಮುಚ್ಚಿಟ್ಟಿರುತ್ತದೆ. ವಂಶಾವಳಿಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಹೋದೆ.

ಅಂದು ಒಗಟಿಗೆ ನಿಂತವರು ಮೂವರು: ಜರಿ ರುಮಾಲಿನ ಪಂಡಿತ, ಒಬ್ಬ ಪೈಲ್ವಾನ, ಕೊನೆಗೆ ನಾನು. ದೊರೆ ಮೊದಲನೆಯದನ್ನು ಓದಿದ.

"ಒಂದೇ ದಿನ ಒಂದು ಮನ್ಯಾಗ ಇಲ್ಲದಂಗಾದ, ಇನ್ನೊಂದು ಮನ್ಯಾಗ ಹುಟ್ಟಿದ. ಎರಡೂ ಮನ್ಯಾಗ ಹೋಳಿಗಿ ಮಾಡಿದರು. ಯಾರಂವ?"

"ಸೂರ್ಯ, ಪ್ರಭು," ಎಂದ ಪಂಡಿತ. "ಪಡುವಣದಲ್ಲಿ ಅಳಿದು ಮೂಡಣದಲ್ಲಿ ಹುಟ್ಟುತ್ತಾನೆ."

ಎಲೆ ಬರಲಿಲ್ಲ. ಪಂಡಿತನನ್ನು ಎಳೆದೊಯ್ದರು.

ಒಗಟು ಅಂದಕೂಡಲೇ ಮಂದಿ ಆಕಾಶ ನೋಡುತ್ತಾರೆ. ನಾನು ಮನೆಯ ಪಡಸಾಲೆ ನೋಡಿದೆ.

"ಸೂರ್ಯಾಗ ಯಾರು ಹೋಳಿಗಿ ಮಾಡ್ತಾರ್ರಿ ಧಣಿ? ಅಂವ ದತ್ತಕ ಹೋದ ಮಗ. ಹಡೆದ ಮನಿ ವಂಶದ ಬಳ್ಳಿಯಾಗ ಅವನ ಹೆಸರು ಅಳಸ್ತೀವಿ, ಪಡೆದ ಮನಿ ಬಳ್ಳಿಯಾಗ ಬರೀತೀವಿ."

ಎಲೆ ಬಂತು. ದೊರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಎಲೆಯ ಮೇಲೂ ಅನುಮಾನ. ಆಮೇಲೆ ಎರಡನೆಯದನ್ನು ಓದಿದ.

"ಸೊಂಟದ ಮ್ಯಾಲೆ ಹೊತ್ತು ಬೆಳೆಸಿದಾಕಿ, ಅಂವ ದೊಡ್ಡಾಂವ ಆದಮ್ಯಾಲೆ ಅವನ ಕಂಡರ ಸೆರಗು ಎಳಕೊಂಡು ಒಳಗ ಹೋಗತಾಳ. ಜಗಳಿಲ್ಲ, ತಪ್ಪಿಲ್ಲ. ಯಾಕ?"

ಪೈಲ್ವಾನ ನನ್ನನ್ನು ಹಿಂದೆ ತಳ್ಳಿದ. "ಆಕಿ ರಾತ್ರಿರಿ. ಹಗಲು ದೊಡ್ಡದಾತಂದರ ಮರೆ ಆಗತಾಳ."

ಅವನನ್ನು ಒಯ್ಯಲು ಆರು ಜನ ಬೇಕಾಯಿತು.

"ಆಕಿ ಅಕ್ಕ," ಎಂದೆ. "ತಮ್ಮಗ ತನ್ನ ಮಗಳನ್ನ ಕೊಟ್ಟಾಳ. ಈಗ ಅಕ್ಕ ಅಲ್ಲ, ಅತ್ತಿ. ಅಳಿಯನ ಮುಂದ ಅತ್ತಿ ನಿಲ್ಲಂಗಿಲ್ಲ."

ಎರಡನೆಯ ಎಲೆ ಬಂತು. ಈಗ ನನಗೆ ಹೊಳೆಯಿತು. ದತ್ತಕ ಹೋದ ತಮ್ಮ, ಅವನಿಗೆ ಮಗಳನ್ನು ಕೊಟ್ಟ ಅಕ್ಕ: ಈ ವಾಡೆಯಲ್ಲಿ ಹುಟ್ಟಿ ಹೊಳೆಯಾಚೆಯ ಮುದ್ದನಹಾಳದ ವಾಡೆಗೆ ದತ್ತಕ ಹೋದ ರಾಚನಾಯಕನ ಬಳ್ಳಿ ಇದು. ಓಲೆ ಬರೆದ ದೊರೆಯ ಅಪ್ಪ ಇವರಿಬ್ಬರ ನಡುವಿನವನು, ರಾಚನಾಯಕನ ಅಣ್ಣ. ಆ ಬಳ್ಳಿಯಲ್ಲಿ ಮುಂದೆ ಯಾರ ಹೆಸರಿದೆ ಎಂದು ನೆನಪಾಗಿ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡೆ.

"ತನ್ನ ಹೊಲದಾಗ ಬೆಳಿ ಏಳಲಿಲ್ಲ. ಕೊಟ್ಟ ಬೀಜದ ಪೈರು ತಿರುಗಿ ಬಂದು ಕಣ ತುಂಬಿತು. ಯಾವುದದು?" ಎಂದು ಓದಿ ದೊರೆ ಓಲೆ ಕೆಳಗಿಟ್ಟ. "ದತ್ತಕ ಹೋದ ನಮ್ಮ ಕಾಕಾನ ಪೈಕಿ ಯಾವನೋ ತಿರುಗಿ ಬರತಾನ, ಹೌದಲ್ಲೊ? ಅವನ ಹೆಸರು ಹೇಳು. ತಲಿ ತರಸ್ತೀನಿ."

"ಆ ಮನಿ ಬಳ್ಳಿ ನನ್ನ ಗಂಟಿನಾಗ ಐತ್ರಿ. ಆದರ ಒಬ್ಬರ ಮನಿ ಬಳ್ಳಿ ಇನ್ನೊಬ್ಬರ ಮುಂದ ಬಿಚ್ಚಂಗಿಲ್ಲ. ಆ ಮನ್ಯಾಗ ಹುಟ್ಟಿದವರು ಎದುರಿಗೆ ಕುಂತರ ಮಾತ್ರ ಬಿಚ್ಚಬೇಕು. ನಮ್ಮಜ್ಜನ ಕಟ್ಟಳೆ."

"ಬಿಚ್ಚಂಗಿಲ್ಲ? ಹಗೇವಿನಾಗ ಇನ್ನೂ ಜಾಗ ಐತಿ."

"ಬಿಚ್ಚಂಗಿಲ್ಲ ಅಂದೆನೇನ್ರಿ?"

ದೊರೆಯ ಎದುರಿಗೆ ನೆಲದ ಮೇಲೆ ಕೂತು ಗಂಟು ಬಿಚ್ಚಿದೆ.

ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಹಿಂದೆ ನಿಂತ ಕಾವಲಿನವನ ಮೇಲೆ ಅನುಮಾನಪಟ್ಟು ಕತ್ತಿಗೆ ಕೈ ಹಾಕಿದ. ಆಮೇಲೆ ನನ್ನ ಕಡೆ ತಿರುಗಿದ. ನನ್ನ ಎದುರಿಗೆ ಕೂತಿದ್ದವನು ಅವನೊಬ್ಬನೇ.

ನಾನು ಓದಿದೆ: "ರಾಚನಾಯಕಗ ಇಬ್ಬರು ಗಂಡು. ಹಿರಿಯಾಂವಗ ಮುದ್ದನಹಾಳ. ಕಿರಿಯಾಂವನ್ನ ಮಕ್ಕಳಿಲ್ಲದ ಅಣ್ಣಗ, ಕೆಂಗಲಗುಡ್ಡಕ್ಕ ದತ್ತಕ ಕೊಟ್ಟದ್ದು. ಹೆಸರು ಬರಮ."

ಎಲೆ ಬರಲಿಲ್ಲ. ಪರದೆ ಸರಿಸಿ ಮುದಿ ರಾಣಿಯೇ ಬಂದಳು.

"ಅವ್ವಾ, ನೀ ಹಡದಿಲ್ಲೇನು ನನ್ನ?"

"ಇಲ್ಲಪ್ಪ. ಹನ್ನೆರಡು ದಿನದ ಕೂಸನ್ನ ಮೊರದಾಗ ಇಟ್ಟು ನನ್ನ ಉಡಿಗೆ ಹಾಕಿದರು. ಗೊತ್ತಾದರ ಅವ್ವಾ ಅಂತ ಕರೀತಿಯೋ ಇಲ್ಲೋ ಅಂತ ಹೆದರಿ, ಹೆಳವರಿಗೆ ಬಾಗಿಲ ಮುಚ್ಚಿಸಿದಾಕಿ ನಾನ. ಆಣೆ ಅಂದದ್ದೂ ಸುಳ್ಳು. ನಿಮ್ಮಪ್ಪಗ ಮುಚ್ಚಿಡೂದು ಮನಸಿರಲಿಲ್ಲ, ಅದಕ್ಕ ಓಲಿ ಬರದಿಟ್ಟ."

"ಹಂಗಾದರ ಇಷ್ಟು ದಿನ ನಾ ಯಾರ ತಲಿ ಕೇಳ್ತಿದ್ದೆ?"

ನಾನು ಗಂಟು ಕಟ್ಟಿದೆ. ದೊರೆ ಕತ್ತಿಯಿಂದ ಕೈ ತೆಗೆದು, "ಅವ್ವಾ, ಹಸಿವಾಗೈತಿ, ಉಣ್ಣಾಕ ಹಾಕು," ಎಂದ. ರಾಣಿ ತನ್ನ ಕೈಯಾರೆ ರೊಟ್ಟಿ ತಂದಳು. ಅವನು ಮುರಿದು ಬಾಯಿಗಿಟ್ಟುಕೊಂಡ. ಬೆಕ್ಕು ಮೂಲೆಯಲ್ಲಿ ಕೂತು ನೋಡಿತು.

"ಏನು ಬೇಕು ಕೇಳಲೇ ಹೆಳವಾ."

ಹಗೇವಿನಲ್ಲಿದ್ದವರನ್ನು ಮೇಲೆತ್ತಿಸಿ ಎಂದೆ. ಪೈಲ್ವಾನ ನನ್ನ ಕಾಲು ಮುಟ್ಟಲು ಬಂದ. ಪಂಡಿತ ಮೈಯ ಹೊಟ್ಟು ಕೊಡವಿಕೊಳ್ಳುತ್ತ, "ಸೂರ್ಯ ಅಂದದ್ದರಲ್ಲಿ ತಪ್ಪೇನಿತ್ತು?" ಎಂದು ಕೇಳಿದ. ಇನ್ನು ಮುಂದೆ ಮೂರು ವರ್ಷಕ್ಕೊಮ್ಮೆ ವಾಡೆಯ ಬಾಗಿಲು ನಮಗೆ ತೆರೆದಿರಲಿ ಎಂದೂ ಕೇಳಿದೆ. ದೊರೆ ಆಗಲಿ ಎಂದ.

ಅರ್ಧ ರಾಜ್ಯ ಕೊಟ್ಟರೆಂದು ಹೇಳಿದರೆ ನೀವು ನಂಬುತ್ತಿದ್ದಿರೇನೋ. ನನಗೆ ಕೊಟ್ಟದ್ದು ಒಂದು ಬಿಳಿ ಎತ್ತು, ಅದರ ಕೊರಳಿಗೆ ಹಿತ್ತಾಳೆಯ ಗಂಟೆ, ಮತ್ತು ನೀಲವ್ವ ಅಷ್ಟು ವರ್ಷ ಬಚ್ಚಿಟ್ಟಿದ್ದ ಆ ಹಳೆಯ ಮೊರದ ತುಂಬ ಜೋಳ.