ಕುದಿಯುವ ನೀರಿನ ಆದೇಶ

ಮೈಸೂರಿನಲ್ಲಿ ರುದ್ರಾರಾಧ್ಯರು ಅಂತ ಒಬ್ಬ ನಿವೃತ್ತ ಅಧಿಕಾರಿ ಇದ್ದರು. ಕಚೇರಿ ಬಿಟ್ಟರೂ ಹುಕುಂ ಮಾಡುವುದು ಬಿಟ್ಟಿರಲಿಲ್ಲ. ಒಂದು ದಿನ ಮನೆಗೆಲಸದ ಸಾಕಮ್ಮನಿಗೆ ಕಿಟಕಿಯ ಬಟ್ಟೆ ಬ್ಲೈಂಡ್ಸ್ ತೋರಿಸಿದರು.

“ಎಲ್ಲ ಧೂಳು ಹಿಡಿದಿದೆ. ಬಿಚ್ಚಿ, ಕುದಿಯೋ ನೀರಲ್ಲಿ ನೆನೆಹಾಕಿ ಉಜ್ಜು.”

“ಬ್ಯಾಡಿ ಸಾರ್, ಮುದುರಿಕೊಳ್ತವೆ. ಮೆತ್ತನೆ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಧೂಳು ತೆಗೆದು, ಕಲೆ ಇರೋ ಕಡೆ ಒದ್ದೆ ಬಟ್ಟೇಲಿ ಒತ್ತಿದರೆ ಸಾಕು.”

“ಮೂವತ್ನಾಲ್ಕು ವರ್ಷ ಆಡಳಿತ ಮಾಡಿದೋನಿಗೆ ನೀನು ಹೇಳ್ಕೊಡ್ತೀಯಾ? ಹೇಳಿದಷ್ಟು ಮಾಡು. ಇಲ್ಲ, ನಾಳೆಯಿಂದ ಬರಬೇಡ!”

ಸಾಕಮ್ಮನಿಗೆ ಮೈ ಉರಿಯಿತು. ಮಾಡದಿದ್ದರೆ ಕೆಲಸ ಇವತ್ತೇ ಹೋಗುತ್ತದೆ. ಮಾಡಿದರೆ ಬ್ಲೈಂಡ್ಸ್ ಹಾಳಾಗಿ, ತಪ್ಪು ತನ್ನ ಮೇಲೆ ಬಂದು, ನಾಳೆ ಹೋಗುತ್ತದೆ. ಅವಳು ಸೀದಾ ಒಳಗೆ ಹೋಗಿ ಕಾಗದ, ಪೆನ್ನು ತಂದು ಅವರ ಮುಂದಿಟ್ಟಳು.

“ಕುದಿಯೋ ನೀರಿಗೆ ಹಾಕು ಅಂತ ಬರೆದು ಸೈನ್ ಹಾಕಿ ಸಾರ್. ಈಗಲೇ ಹಾಕ್ತೀನಿ.”

ಆರಾಧ್ಯರು ಪೆನ್ನು ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ನಾಳೆ ತಮ್ಮ ತಲೆಗೇ ಬರುವಂಥ ಕಾಗದಕ್ಕೆ ಅವರು ಸರ್ವಿಸಿನಲ್ಲಿ ಒಮ್ಮೆಯೂ ಸೈನ್ ಹಾಕಿದವರಲ್ಲ. ಕೆಮ್ಮಿದರು. ಬ್ಲೈಂಡ್ಸ್ ಕಡೆ ನೋಡಿದರು. ಇನ್ನೊಮ್ಮೆ ಕೆಮ್ಮಿದರು. ಕೊನೆಗೆ ಬರೆದರು:

“ನಿಮ್ಮ ವಿವೇಚನೆಯಂತೆ ಕ್ರಮ ಕೈಗೊಳ್ಳುವುದು.”

ಕೆಳಗೆ ದೊಡ್ಡದೊಂದು ಸಹಿ.

ಸಾಕಮ್ಮ ಮೆತ್ತನೆ ಬ್ರಷ್‌ನಲ್ಲೇ ಕೆಲಸ ಮುಗಿಸಿದಳು. ಆ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಆಮೇಲೆ ಸಾಹೇಬರು ಹೀಗೆ ಗುಡಿಸು, ಹಾಗೆ ಒರೆಸು ಅಂತ ಬಂದಾಗಲೆಲ್ಲ, ಅವಳು ಪೊರಕೆಯಿಂದಲೇ ಅವರ ಸಹಿಯನ್ನು ಅವರಿಗೇ ತೋರಿಸುತ್ತಿದ್ದಳು.